ಒಂಬತ್ತನೇ ಪುಟದ ಸಾಕ್ಷಿ

ಸದಾನಂದನ ಸಹಿ ನೋಡಲು ಬಲು ಚೆಂದ. ಕನ್ನಡದಲ್ಲೇ ಹಾಕುತ್ತಾನೆ. ಮೊದಲ ಅಕ್ಷರ ದೊಡ್ಡದಾಗಿ ಸುತ್ತಿ ಬಂದು, ಕೊನೆಯಲ್ಲೊಂದು ಗೆರೆ ಉದ್ದಕ್ಕೆ ಹೋಗಿ, ಅದರಡಿ ಎರಡು ಚುಕ್ಕಿ ಬೀಳುತ್ತವೆ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಕಾಲದಲ್ಲಿ ರಾತ್ರಿಶಾಲೆಯಲ್ಲಿ ಕಲಿತ ಸಹಿ ಅದು. ಅದರ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೇ ಇತ್ತು. ಪರೇಲಿನ ಒಂದು ಆಸ್ಪತ್ರೆಯ ಕ್ಯಾಂಟೀನನ್ನು ಹನ್ನೊಂದು ವರ್ಷದಿಂದ ನಡೆಸುತ್ತಿರುವ ಈ ಕಾರ್ಕಳದ ಮನುಷ್ಯ, ಇಡ್ಲಿ ಸಾಂಬಾರಿನ ಜೊತೆಗೆ ಆಸ್ಪತ್ರೆಗೆ ಇನ್ನೊಂದನ್ನೂ ಒದಗಿಸುತ್ತಿದ್ದ. ಅದು ಈ ಸಹಿ.

ಸಂಗತಿ ಹೀಗೆ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕಂಪನಿಗಳ ಔಷಧಿಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ವಿಭಾಗವಿದೆ. ಪ್ರಯೋಗಕ್ಕೆ ಸೇರುವ ರೋಗಿಗೆ ಹದಿನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ವಿವರಿಸಿ ಹೇಳಬೇಕು. ರೋಗಿಗೆ ಓದು ಬಾರದಿದ್ದರೆ, ಹೊರಗಿನವನೊಬ್ಬ ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲಿ ಕೂತಿದ್ದು, ‘ಎಲ್ಲವನ್ನೂ ಓದಿ ಹೇಳಿದರು, ಇವರಿಗೆ ಅರ್ಥವಾಯಿತು’ ಎಂದು ಸಹಿ ಹಾಕಬೇಕು. ಅವನಿಗೆ ನಿಷ್ಪಕ್ಷ ಸಾಕ್ಷಿ ಎಂದು ಹೆಸರು. ಆಸ್ಪತ್ರೆಯ ನೆಲದಲ್ಲೇ ಒಲೆ ಹೂಡಿದವನು ಹೊರಗಿನವನು ಹೇಗಾದ ಎಂದು ಕೇಳಬೇಡಿ. ಅಲ್ಲಿ ಯಾರೂ ಕೇಳಿರಲಿಲ್ಲ. ಕನ್ನಡದ ರೋಗಿ ಬಂದರೆ ಮೂರನೇ ಮಹಡಿಯಿಂದ ಫೋನ್ ಬರುತ್ತಿತ್ತು. ಸದಾನಂದ ಕೈ ಒರೆಸಿಕೊಳ್ಳುತ್ತ ಹೋಗಿ, ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಹೇಳಿದ ವೇಳೆ ಬರೆದು, ಕೆಳಗೆ ದೋಸೆ ಸೀಯುವ ಮೊದಲು ಓಡಿ ಬರುತ್ತಿದ್ದ. ಅದನ್ನು ಉಪಕಾರವೆಂದೇ ತಿಳಿದಿದ್ದ. ಊರ ಕಡೆಯ ಬಡವರಿಗೆ ದೊಡ್ಡ ಆಸ್ಪತ್ರೆಯ ಔಷಧಿ ಪುಕ್ಕಟೆ ಸಿಗುತ್ತದಲ್ಲ, ಒಂದು ಸಹಿಗೇನು ಎಂದುಕೊಂಡಿದ್ದ.

ಆ ಗುರುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬರಲಿಲ್ಲ. ನಿಖಿತಾಳೇ ಇಳಿದು ಬಂದಳು. ಪ್ರಯೋಗ ವಿಭಾಗದಲ್ಲಿ ರೋಗಿಗಳನ್ನು ಸೇರಿಸಿಕೊಂಡು, ಮಾತ್ರೆ ಕೊಟ್ಟು, ಕಾಗದಪತ್ರ ನೋಡಿಕೊಳ್ಳುವ ಹುಡುಗಿ. ಕಾಂದಿವಲಿಯಲ್ಲಿ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಧಾರವಾಡದವರು. ಕನ್ನಡ ಕಿವಿಗೆ ಚೆನ್ನಾಗಿ ಬರುತ್ತದೆ, ನಾಲಿಗೆಗೆ ಅಷ್ಟಕ್ಕಷ್ಟೆ.

“ಅಂಕಲ್, ಐದು ಮಿನಿಟ್.”

“ಎಂಥ ನಿಖಿತಾ, ಬೆಳಿಗ್ಗೆ ಬೆಳಿಗ್ಗೆ? ಚಹಾ ಹೇಳ್ಲಾ?”

“ಚಾ ನಕೋ. ಇವತ್ತು ಮೂರು ಗಂಟೆಗೆ ಡ್ರಗ್ ಇನ್ಸ್‌ಪೆಕ್ಟರ್ ಬರ್ತಾರೆ. ಗವರ್ನಮೆಂಟಿಂದ. ಶೆಟ್ಟೆಪ್ಪ ಅವರ ಕೇಸ್ ನೋಡ್ಲಿಕ್ಕೆ.”

ಶೆಟ್ಟೆಪ್ಪ ಸದಾನಂದನಿಗೆ ನೆನಪಿದ್ದ. ವಿಜಯಪುರದ ಕಡೆಯವನು, ಕಾಂದಿವಲಿಯ ಕೈಗಾರಿಕಾ ಎಸ್ಟೇಟಿನಲ್ಲಿ ವಾಚ್‌ಮನ್. ಗಂಟು ಗಂಟಿಗೂ ಬಾವು, ಮೆಟ್ಟಿಲು ಹತ್ತಲಾಗದ ನೋವು. ಬಾವಿನ ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿ ಮೂರು ತಿಂಗಳು ಚೆನ್ನಾಗಿದ್ದ. ನಾಲ್ಕನೇ ತಿಂಗಳಲ್ಲಿ ಲಿವರ್ ಕೈಕೊಟ್ಟು ಇದೇ ಆಸ್ಪತ್ರೆಯಲ್ಲಿ ತೀರಿಕೊಂಡ. ಅದಾಗಿ ಎರಡು ವಾರ.

“ನಿಮಗೆ ಒಂದೇ ಕ್ವಶ್ಚನ್ ಕೇಳ್ತಾರೆ ಅಂಕಲ್. ಶುರುವಿಂದ ಲಾಸ್ಟ್ ತನಕ ರೂಮಲ್ಲಿ ಇದ್ರಾ ಅಂತ. ನೀವು ಹಾಂ ಹೇಳಿ, ಬಸ್. ಬಾಕಿ ಡಾಕ್ಟರ್ ಅನಿಕೇತ್ ಸರ್ ನೋಡ್ಕೊಳ್ತಾರೆ.” ಅವಳು ಕಾಗದದ ಕಟ್ಟೊಂದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. “ಇದು ಕನ್ನಡ ಕಾಪಿ. ಒಂದು ಸಲ ಓದಿ ಇಡಿ. ಒಂಬತ್ತನೇ ಪೇಜ್ ಮಾತ್ರ ಪಕ್ಕಾ. ಅಲ್ಲಿಂದ ಏನಾದ್ರೂ ಕೇಳಿದ್ರೆ ಗೊತ್ತಿರಬೇಕು.”

“ಇಷ್ಟು ವರ್ಷ ಓದು ಅಂತ ಹೇಳ್ಲಿಲ್ಲ ನೀವು ಯಾರೂ.”

ನಿಖಿತಾ ಉಗುರು ಕಚ್ಚಿದಳು. ಹತ್ತೂ ಉಗುರು ಬುಡದವರೆಗೆ ಹೋಗಿದ್ದವು. “ಆಡ್ಮಿನ್‌ನಲ್ಲಿ ಹೇಳ್ತಿದ್ರು,” ಎಂದಳು, ಮುಖ ನೋಡದೆ, “ನಿಮ್ಮ ಕ್ಯಾಂಟೀನ್ ರಿನ್ಯೂವಲ್ ಫೈಲ್ ಕೂಡ ಇದೇ ತಿಂಗಳು ಮೇಲೆ ಹೋಗ್ತದೆ ಅಂತ. ನನಗೆ ಹೇಳಿ ಬಾ ಅಂದ್ರು, ಹೇಳಿದೆ.”

ಇದನ್ನು ಬೆದರಿಕೆ ಎನ್ನಬೇಕೋ ಬೇಡವೋ ಓದುಗರೇ ಹೇಳಲಿ. ಸದಾನಂದನಿಗಂತೂ ಅರ್ಥವಾಯಿತು. ಒಂಬತ್ತು ಜನ ಕೆಲಸದವರು, ಹೆಂಡತಿ ಸೇವಂತಿ, ಹನ್ನೊಂದು ವರ್ಷ ಆರದ ಒಲೆ. ಒಂದು ಹೌದಿನ ಮೇಲೆ ನಿಂತಿತ್ತು ಎಲ್ಲ. ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ನೂರು ಸಲ ಹೌದು ಅನ್ನುತ್ತಾನೆ. ಇನ್ನೊಂದು ಅಂದರೆ ಗಂಟೇನು ಹೋಗುತ್ತದೆ ಎಂದು ತನಗೇ ಸಮಾಧಾನ ಹೇಳಿಕೊಂಡ.

ತಿಂಡಿಯ ಗದ್ದಲ ಇಳಿದ ಮೇಲೆ, ಹತ್ತೂವರೆಯ ಹೊತ್ತಿಗೆ, ಕನ್ನಡಕ ಏರಿಸಿ ಓದಲು ಕೂತ. ಪಾಠಪುಸ್ತಕದ ಕನ್ನಡ. ಮೊದಲ ಪುಟಗಳಲ್ಲಿ ಕಂಪನಿಯ ಹೆಸರು, ಯಾರಿಗೆ ನಿಜವಾದ ಮಾತ್ರೆ ಯಾರಿಗೆ ಬರೀ ಹಿಟ್ಟಿನ ಮಾತ್ರೆ ಎಂಬುದು ವೈದ್ಯರಿಗೂ ತಿಳಿಯದೆಂಬ ವಿಚಾರ, ರಕ್ತಪರೀಕ್ಷೆಯ ದಿನಗಳು. ಆಕಳಿಸುತ್ತ ಪುಟ ಮಗುಚಿದ. ಒಂಬತ್ತನೇ ಪುಟದ ನಡುವಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಈ ಮಾತ್ರೆಯಿಂದ ಕೆಲವರ ಯಕೃತ್ತಿಗೆ ತೀವ್ರ ಹಾನಿಯಾಗಬಹುದು. ಕಣ್ಣು ಹಳದಿಯಾದರೆ ಅಥವಾ ಮೂತ್ರದ ಬಣ್ಣ ಗಾಢವಾದರೆ ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಬನ್ನಿ. ತಡ ಮಾಡಬೇಡಿ.’

ಸದಾನಂದ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದ. ಅಕ್ಷರ ಬದಲಾಗಲಿಲ್ಲ.

ಶೆಟ್ಟೆಪ್ಪನ ಪತ್ರಕ್ಕೆ ಸಹಿ ಹಾಕಿದ ದಿನ ಅವನು ಮೂರನೇ ಮಹಡಿಗೆ ಹೋದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಒಪ್ಪಿಗೆ ಪತ್ರ ಮೇಜಿನ ಮೇಲೆ ಕೊನೆಯ ಪುಟಕ್ಕೆ ತೆರೆದೇ ಇತ್ತು. ಶೆಟ್ಟೆಪ್ಪ ಎದ್ದು ನಿಂತಿದ್ದ, ಅವನ ಹೆಂಡತಿ ಬಸಲಿಂಗವ್ವ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ‘ಯಾವೂರು ನಿಮ್ಮದು?’ ಎಂದು ಕೇಳಿದ್ದ, ‘ಸಿಂದಗಿ’ ಎಂದಿದ್ದರು, ‘ಒಳ್ಳೆ ಆಸ್ಪತ್ರೆ ಇದು’ ಎಂದಿದ್ದ. ಹೆಬ್ಬೆಟ್ಟಿನ ಶಾಯಿ ಒರೆಸಿಕೊಳ್ಳಲು ಹೆಗಲ ಮೇಲಿನ ಬಟ್ಟೆ ಕೊಟ್ಟಿದ್ದ. ‘ಹನ್ನೊಂದು ಹತ್ತು ಅಂತ ಬರೀರಿ ಅಂಕಲ್’ ಎಂದು ನಿಖಿತಾ ಹೇಳಿದಳು, ಬರೆದ. ಎಲ್ಲ ಸೇರಿ ನಾಲ್ಕು ನಿಮಿಷ. ಅದಕ್ಕೆ ಮೊದಲು ಆ ಹುಡುಗಿ ತನ್ನ ಅರೆಬರೆ ಕನ್ನಡದಲ್ಲಿ ಒಂಬತ್ತನೇ ಪುಟವನ್ನು ಓದಿದಳೋ ಇಲ್ಲವೋ ದೇವರಿಗೇ ಗೊತ್ತು. ಗೊತ್ತಿರಬೇಕಾದ ಇನ್ನೊಬ್ಬನು ತಾನು, ತನಗೆ ಗೊತ್ತಿರಲಿಲ್ಲ.

ಅಡಿಗೆಮನೆಯಿಂದ ಸೇವಂತಿ ಬಂದು ಗಂಡನ ಮುಖ ನೋಡಿದಳು. “ಎಂಥ ಆಯ್ತು? ಬಣ್ಣವೇ ಹೋಗಿದೆ ನಿಮ್ಮದು.”

ಸದಾನಂದ ಹೇಳಿದ. ಅವಳು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು.

“ಹೌದು ಅಂತ ಹೇಳಿ ಬನ್ನಿ,” ಎಂದಳು. “ಸತ್ತವನು ವಾಪಸ್ ಬರ್ತಾನಾ? ಅಷ್ಟು ದೊಡ್ಡ ಡಾಕ್ಟರು ಕೂತಲ್ಲಿ ನಿಮ್ಮದೊಂದು ಎಂಥ? ಇಲ್ಲಿಂದ ಎಬ್ಬಿಸಿದ್ರೆ ಈ ವಯಸ್ಸಿಗೆ ಯಾರ ಹೋಟ್ಲಲ್ಲಿ ಹಿಟ್ಟು ರುಬ್ಬುದು ನಾವು?”

ಅವಳ ಮಾತಿನಲ್ಲಿ ತಪ್ಪು ಹುಡುಕಲು ಸದಾನಂದನಿಗೆ ಆಗಲಿಲ್ಲ. ಹುಡುಕುವ ಮನಸ್ಸೂ ಇರಲಿಲ್ಲ. ಹೌದು ಅನ್ನುವುದೆಂದು ಆಗಲೇ ತೀರ್ಮಾನಿಸಿಬಿಟ್ಟ.

ಹನ್ನೆರಡರ ಹೊತ್ತಿಗೆ ಕ್ಯಾಂಟೀನಿನ ಬಾಗಿಲಲ್ಲಿ ಬಸಲಿಂಗವ್ವ ಬಂದು ನಿಂತಳು. ಅವಳನ್ನೂ ಮೂರು ಗಂಟೆಗೆ ಕರೆಸಿದ್ದರು. ಕಾಂದಿವಲಿಯಿಂದ ಲೋಕಲ್ ಹಿಡಿದು ಮೊದಲೇ ಬಂದಿದ್ದಳು. ಹಣೆ ಬರಿದಾಗಿತ್ತು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಸದಾನಂದ ಎದ್ದು ಕುರ್ಚಿ ಎಳೆದ, ಚಹಾ ತರಿಸಿದ. ಅವಳು ಚಹಾ ಮುಟ್ಟದೆ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು. ಒಳಗೆ ಮಾತ್ರೆಯ ಪಟ್ಟಿಗಳು, ಖಾಲಿಯವೂ ತುಂಬಿದವೂ, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ್ದವು.

“ದವಾಖಾನಿ ಸಾಮಾನ ಐತ್ರಿ ಯಣ್ಣಾ, ನಮ್ಮನ್ಯಾಗ ಯಾಕಿರಬೇಕು. ಉಳಿದ ಗುಳಿಗಿ ತಿರುಗಿ ಕೊಡಬೇಕಂತ ಆ ಹುಡುಗಿ ಹೇಳಿದ್ಲು. ಒಂದೂ ಕಳದಿಲ್ಲ ನೋಡ್ರಿ.”

“ಇದ್ನೆಲ್ಲ ನೀವು ಹೊತ್ಕೊಂಡು ಬರಬೇಕಿತ್ತಾ ಅಮ್ಮ.”

“ಒಂದು ಹೊತ್ತು ಸೈತ ತಪ್ಪಿಸಿಲ್ರಿ ಅವರು. ಕಡಿಗಿ ಮೈಯಾಗ ಶಕ್ತಿ ಇರಲಿಲ್ಲ, ನಾನ ಬಾಯಾಗ ಹಾಕಿ ನೀರ ಕುಡಸ್ತಿದ್ದೆ.” ಅವಳು ಆಮೇಲೆ ದನಿ ತಗ್ಗಿಸಿದಳು. “ಯಣ್ಣಾ, ನಿಮ್ಮನ್ನೊಂದು ಕೇಳಲೇನ್ರಿ? ಕಣ್ಣು ಹಳದಿ ಆದಾಗ ಕಾಮಣಿ ಅಂತ ತಿಳಕೊಂಡ್ವಿ. ಮಗ ಗುರುಬಸವ ಊರಿಗೆ ಹೋಗಿ ತಪ್ಪಲದ ಔಷಧ, ಹಸಿ ಸೊಪ್ಪಿಂದು, ತಂದ. ನಮ್ಮ ಕಡೆ ಕಾಮಣಿಗೆ ಎಲ್ಲಾರೂ ಅದನ್ನ ತಗೋತಾರ. ಹತ್ತು ದಿನ ಕೊಟ್ಟೆ. ದೊಡ್ಡ ಡಾಕ್ಟರ್ ಹೇಳಿದ್ರು, ನಿಮ್ಮ ತಪ್ಪಲ ಲಿವರ್ ತಿಂದು ಹಾಕ್ತು ಅಂತ. ಗುಳಿಗಿದು ಏನೂ ತಪ್ಪಿಲ್ಲಂತ ಬರದಾರಂತ. ಖರೇನೇನ್ರಿ? ನಾನ ಕೊಂದ್ನೇನ್ರಿ ಅವರನ್ನ?”

ಸದಾನಂದ ಲೆಕ್ಕ ಹಾಕಿದ. ಹತ್ತು ದಿನ. ಕಣ್ಣು ಹಳದಿಯಾಗಿ ಹತ್ತು ದಿನ ಆ ಮನುಷ್ಯ ಮಾತ್ರೆ ನುಂಗಿದ್ದಾನೆ. ನಿಲ್ಲಿಸಿ ಎಂದು ಬರೆದ ಪುಟ ಇಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಸಾಂಬಾರಿನ ಹನಿ ಬಿದ್ದು ಒಣಗುತ್ತಿತ್ತು. ಅದನ್ನು ಹೇಳಿದ್ದೇವೆ, ಕೇಳಿದ್ದಾರೆ, ಎಂದು ಸಹಿ ಹಾಕಿದ ಗಂಡಸು ಈ ಹೆಂಗಸಿನ ಎದುರಿಗೆ ಕೂತು ಚಹಾ ಕುಡಿಯಿರಿ ಅನ್ನುತ್ತಿದ್ದಾನೆ. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು.

“ಚಹಾ ಆರ್ತಾ ಉಂಟು,” ಎಂದ. “ಇಲ್ಲೇ ಕೂತ್ಕೊಳ್ಳಿ. ಬಂದೆ.”

ಹಿಂದಿನ ಬಾಗಿಲಿನಿಂದ ಹೊರಗೆ, ಗ್ಯಾಸ್ ಸಿಲಿಂಡರುಗಳ ಪಕ್ಕಕ್ಕೆ ಹೋಗಿ ನಿಂತ. ಆಗ ಅವನಿಗೆ ದೂಜನ ನೆನಪಾಯಿತು.

ಈ ಮಾತ್ರೆಯ ಪ್ರಯೋಗದಲ್ಲಿ ಸದಾನಂದ ಇಬ್ಬರಿಗೆ ಸಾಕ್ಷಿ ಹಾಕಿದ್ದ. ಒಬ್ಬ ಶೆಟ್ಟೆಪ್ಪ. ಇನ್ನೊಬ್ಬ ದೂಜ. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ನಲವತ್ತು ವರ್ಷದಿಂದ ಹಿಟ್ಟು ರುಬ್ಬುತ್ತಿರುವ ಮುದುಕ. ಸದಾನಂದ ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟು ಆ ಹೋಟೆಲಿಗೆ ಬಂದು ಅಳುತ್ತಿದ್ದಾಗ ಹೊದೆಯಲು ತನ್ನ ಕಂಬಳಿ ಕೊಟ್ಟವನು. ಮೊಣಕಾಲು ಬಾತು ನಿಲ್ಲಲಾಗುತ್ತಿಲ್ಲ ಎಂದಾಗ, ‘ನಮ್ಮ ಆಸ್ಪತ್ರೆಗೆ ಬಾ, ಪುಕ್ಕಟೆ ಮಾತ್ರೆ ಉಂಟು’ ಎಂದು ಸದಾನಂದನೇ ಕರೆತಂದಿದ್ದ. ಅವನಿಗೂ ಒಂಬತ್ತನೇ ಪುಟ ಯಾರೂ ಓದಿ ಹೇಳಿರಲಿಕ್ಕಿಲ್ಲ. ಶೆಟ್ಟೆಪ್ಪ ಸತ್ತದ್ದು ಸೊಪ್ಪಿನಿಂದ ಎಂದು ಬರೆದು ಮುಗಿಸಿದವರು, ಉಳಿದ ರೋಗಿಗಳನ್ನು ಕರೆದು ಹೇಳುವ ಗೋಜಿಗೂ ಹೋಗಿರಲಿಕ್ಕಿಲ್ಲ.

ಹೋಟೆಲಿನ ಧಣಿ ಪ್ರೀತಮ್‌ಗೆ ವಿಡಿಯೊ ಕಾಲ್ ಮಾಡಿದ.

“ದೂಜಣ್ಣನನ್ನು ಒಮ್ಮೆ ಬಿಸಿಲಿಗೆ ಕರ್ಕೊಂಡು ಬಾ ಪ್ರೀತಮ್. ಅವನ ಕಣ್ಣು ತೋರಿಸು ನನಗೆ.”

“ಎಂಥ ಸದಾನಂದಣ್ಣ, ಊಟದ ಟೈಮಲ್ಲಿ ತಮಾಷೆ?”

“ತಮಾಷೆ ಅಲ್ಲ ಮಾರಾಯ, ಬೇಗ.”

ಪರದೆಯಲ್ಲಿ ಗೋಡೆ, ನೆಲ, ಗ್ರೈಂಡರು ಎಲ್ಲ ಓಡಿ, ಕೊನೆಗೆ ಬಿಸಿಲು ಬಂತು. ಬಿಸಿಲಿನಲ್ಲಿ ದೂಜನ ಸುಕ್ಕು ಮುಖ. ಮುದುಕ ಫೋನನ್ನು ಕಿವಿಗೆ ಹಿಡಿಯಲು ನೋಡಿದ, ಪ್ರೀತಮ್ ಕೈ ಸರಿಸಿದ. ಕಣ್ಣು ಹಳದಿಯೋ, ಬಿಸಿಲಿನ ಬಣ್ಣವೋ, ಫೋನಿನ ಮೋಸವೋ ತಿಳಿಯಲಿಲ್ಲ. ಸದಾನಂದ ಪರದೆಯನ್ನು ಮೂಗಿನವರೆಗೆ ತಂದುಕೊಂಡ.

“ದೂಜಣ್ಣ, ಮೂತ್ರ ಹೇಗೆ ಹೋಗ್ತದೆ? ಬಣ್ಣ ಹೇಗುಂಟು?” ಎಂದು ತುಳುವಿನಲ್ಲಿ ಕೇಳಿದ.

ಮುದುಕ ನಕ್ಕ. “ಇದನ್ನು ಕೇಳ್ಲಿಕ್ಕೆ ಫೋನ್ ಮಾಡಿದ್ದಾ? ನಾಲ್ಕು ದಿನದಿಂದ ಕಷಾಯದ ಹಾಗೆ ಉಂಟು. ಗ್ರೈಂಡರ್ ರೂಮಿನ ಉಷ್ಣ. ಎಳನೀರು ಕುಡಿದೆ.”

“ಮಾತ್ರೆ?”

“ಒಂದೂ ಬಿಟ್ಟಿಲ್ಲ. ನೀನು ಸಹಿ ಹಾಕಿದ ಮಾತ್ರೆ ಅಲ್ವಾ.”

ಸದಾನಂದ ಸಿಲಿಂಡರಿಗೆ ಕೈ ಊರಿಕೊಂಡ. “ಇನ್ನು ಒಂದೂ ತಿನ್ನಬೇಡ. ಈಗಲೇ ಹೊರಡು. ಪ್ರೀತಮ್, ನೀನೇ ಕರ್ಕೊಂಡು ಬಾ. ಟ್ಯಾಕ್ಸಿ ಬೇಡ, ಟ್ರಾಫಿಕ್ಕಲ್ಲಿ ಸಿಕ್ಕಿ ಬೀಳ್ತೀರಿ. ಲೋಕಲ್ ಹಿಡಿದು ಪ್ರಭಾದೇವಿಯಲ್ಲಿ ಇಳಿಯಿರಿ. ಊಟ ಗೀಟ ಎಲ್ಲ ಇಲ್ಲಿ.”

ಅಲ್ಲಿಂದ ಇಲ್ಲಿಗೆ ಒಂದು ಗಂಟೆಯ ದಾರಿ. ಗಂಟೆ ಒಂದೂ ಮುಕ್ಕಾಲಾಯಿತು, ಎರಡಾಯಿತು, ಪ್ರೀತಮ್‌ನ ಫೋನ್ ಹತ್ತಲಿಲ್ಲ. ಸದಾನಂದ ಗಿರಾಕಿಗಳಿಗೆ ಚಿಲ್ಲರೆಯನ್ನು ಹೆಚ್ಚು ಕಡಿಮೆ ಕೊಟ್ಟ, ಒಬ್ಬರಿಗೆ ಎರಡು ಸಲ ಕೊಟ್ಟ. ಮೂಲೆಯ ಮೇಜಿನಲ್ಲಿ ಬಸಲಿಂಗವ್ವ ಡಬ್ಬಿಯ ಮೇಲೆ ಕೈಯಿಟ್ಟು ಕದಲದೆ ಕೂತಿದ್ದಳು. ಅವಳ ಕಡೆ ನೋಡದಿರಲು ಅವನು ಪಟ್ಟ ಪಾಡು ಸೇವಂತಿಗೂ ಕಾಣಿಸಿತು. ಅವಳು ಒಂದು ತಟ್ಟೆ ಅನ್ನ ಸಾರು ತಂದು ಬಸಲಿಂಗವ್ವನ ಮುಂದಿಟ್ಟು ಹೋದಳು.

ಎರಡೂವರೆಗೆ ದೂಜ ಪ್ರೀತಮ್‌ನ ಭುಜ ಹಿಡಿದು ಒಳಗೆ ಬಂದ. ಟ್ಯೂಬ್‌ಲೈಟಿನ ಕೆಳಗೆ ಸಂಶಯವೇ ಉಳಿಯಲಿಲ್ಲ. ಕಣ್ಣಿನ ಬಿಳಿ ಭಾಗ ಅರಿಸಿನ ಹಚ್ಚಿದ ಹಾಗಿತ್ತು. ಸದಾನಂದ ನಿಖಿತಾಳಿಗೆ ಫೋನ್ ಮಾಡಿದ, ಅವಳು ಮೆಟ್ಟಿಲಿಳಿದು ಓಡಿ ಬಂದಳು. ದೂಜನ ಮುಖ ನೋಡಿದವಳು ಗೋಡೆಗೆ ಒರಗಿದಳು.

“ನೆಕ್ಸ್ಟ್ ವೀಕ್ ಬ್ಲಡ್ ಟೆಸ್ಟ್ ಇತ್ತು ಇವರದು. ಲಾಸ್ಟ್ ಟೈಮ್ ನಾರ್ಮಲ್ ಇತ್ತು ಅಂಕಲ್, ದೇವರಾಣೆ.”

“ಮಾತ್ರೆ ನಿಲ್ಲಿಸ್ಲಿಕ್ಕೆ ಹೇಳಿದ್ದೇನೆ ನಾನು.”

“ನೀವು? ನೀವು ಹೇಗೆ...” ಎಂದವಳು ಅರ್ಧಕ್ಕೇ ನಿಂತಳು. “ಅಂಕಲ್, ಇವತ್ತು ಇವರು ಇಲ್ಲಿ ಬೇಡ. ಪ್ಲೀಸ್. ಇನ್ಸ್‌ಪೆಕ್ಟರ್ ಹೋಗ್ಲಿ, ಆಮೇಲೆ ಅಡ್ಮಿಟ್ ಮಾಡ್ತೇವೆ. ಸರ್‌ಗೆ ಕೇಳ್ತೇನೆ.”

“ಒಂಬತ್ತನೇ ಪುಟದಲ್ಲಿ ಏನು ಬರ್ದಿದೆ ನಿಖಿತಾ? ನೀನೇ ಅಲ್ವಾ ಓದಿ ಅಂದದ್ದು. ಅದೇ ದಿನ ಅಂತ ಉಂಟು. ಇನ್ಸ್‌ಪೆಕ್ಟರ್ ಹೋದ ಮೇಲೆ ಅಂತ ಇಲ್ಲ.”

ಅವಳ ಕಣ್ಣು ತುಂಬಿತು. “ನನಗೆ ಕನ್ನಡ ಓದ್ಲಿಕ್ಕೆ ಬರಲ್ಲ ಅಂಕಲ್,” ಎಂದಳು ಮೆಲ್ಲಗೆ. “ಮಾತಾಡ್ತೇನಲ್ಲ, ಅದಕ್ಕೇ ನನಗೆ ಕೊಟ್ರು. ಇಂಗ್ಲಿಷ್ ನೋಡಿ ಏನು ಬರುತ್ತೋ ಅದು ಹೇಳ್ತಿದ್ದೆ. ದಿನಕ್ಕೆ ಎಂಟು ಪೇಷಂಟ್. ಲಿವರಿಗೆ ಕನ್ನಡದಲ್ಲಿ ಏನಂತಾರೆ ಅಂತಲೂ ನನಗೆ ಗೊತ್ತಿರಲಿಲ್ಲ.”

ಅವಳನ್ನು ಬೈಯಬೇಕೆಂದು ಎದ್ದ ಸಿಟ್ಟು ಸದಾನಂದನಲ್ಲಿ ಅಲ್ಲೇ ಇಳಿಯಿತು. ಓದಲು ಬಾರದವಳು ಓದಿದಳು, ಕೇಳದವನು ಕೇಳಿದೆನೆಂದು ಬರೆದ, ನಡುವೆ ಇಬ್ಬರು ಹೆಬ್ಬೆಟ್ಟು ಒತ್ತಿದರು. ಕಾಗದ ಮಾತ್ರ ಹದಿನಾಲ್ಕೂ ಪುಟ ಸರಿಯಾಗಿತ್ತು.

“ಪ್ರೀತಮ್, ದೂಜಣ್ಣನನ್ನು ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗು. ಮಾತ್ರೆಯ ಪ್ರಯೋಗದವನು, ಕಣ್ಣು ಹಳದಿ ಆಗಿದೆ ಅಂತ ಗಟ್ಟಿಯಾಗಿ ಹೇಳು. ಯಾರು ಕಳಿಸಿದ್ದು ಕೇಳಿದ್ರೆ ನನ್ನ ಹೆಸರು ಹೇಳು,” ಎಂದ. ಆಮೇಲೆ ಒಗ್ಗರಣೆ ಹಾಕುತ್ತಿದ್ದ ಸೇವಂತಿಯ ಕಡೆ ತಿರುಗಿದ. ಅವಳು ದೂಜನನ್ನು ನೋಡಿದ್ದಳು. ಸೌಟು ಕೆಳಗಿಟ್ಟು, ಗಂಡನ ಹೆಗಲಿನ ಕೊಳೆ ಬಟ್ಟೆಯನ್ನು ತಾನೇ ತೆಗೆದುಕೊಂಡಳು. “ಹೋಗಿ ಬನ್ನಿ,” ಎಂದಳು.

ಇನ್ಸ್‌ಪೆಕ್ಟರ್ ವೈಶಾಲಿ ಐವತ್ತರ ಹತ್ತಿರದ ಹೆಂಗಸು. ಮೇಜಿನ ಆಚೆ ಅವರು, ಕಿಟಕಿಯ ಪಕ್ಕ ಡಾಕ್ಟರ್ ಅನಿಕೇತ್. ಡಾಕ್ಟರು ಸದಾನಂದನನ್ನು ನೋಡಿ ನಕ್ಕು, ಬಾ ಕೂತುಕೋ ಎನ್ನುವಂತೆ ಕುರ್ಚಿ ತೋರಿಸಿದರು. ಅವರ ಬೆಳಗಿನ ಉಪ್ಪಿಟ್ಟಿಗೆ ಸಕ್ಕರೆ ಎಷ್ಟು ಹಾಕಬೇಕೆಂದು ಸದಾನಂದನಿಗೆ ಗೊತ್ತು. ವೈಶಾಲಿ ಡಾಕ್ಟರಿಗೆ ಹೊರಗಿರಲು ಹೇಳಿದರು. ಡಾಕ್ಟರ ನಗು ಸ್ವಲ್ಪ ಸಣ್ಣದಾಯಿತು.

ವೈಶಾಲಿ ಮರಾಠಿಯಲ್ಲಿ ಕೇಳಿದರು: “ಈ ಸಹಿ ನಿಮ್ಮದೇ?”

“ಹೌದು.”

“ವೇಳೆ ಹನ್ನೊಂದು ಹತ್ತು ಎಂದು ಬರೆದಿದ್ದೀರಿ. ಪೂರ್ತಿ ಓದಿ ಹೇಳುವಾಗ ನೀವು ಅಲ್ಲಿದ್ದಿರಾ?”

ಹೊರಗೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಕೆಳಗಿನಿಂದ ಒಗ್ಗರಣೆಯ ವಾಸನೆ ಇಲ್ಲಿಗೂ ಬರುತ್ತಿತ್ತು. ಹನ್ನೊಂದು ವರ್ಷ ಮೂರನೇ ಮಹಡಿಯವರು ಆ ವಾಸನೆಗೇ ಹಸಿದು ಇಳಿದು ಬರುತ್ತಿದ್ದರು. ಸದಾನಂದನಿಗೆ ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಬೆಳಗಿನಿಂದ ಅದನ್ನೇ ಅಭ್ಯಾಸ ಮಾಡಿದ್ದ.

“ಇಲ್ಲ,” ಎಂದ. “ಹನ್ನೊಂದು ಹತ್ತಕ್ಕೆ ನಾನು ಕ್ಯಾಂಟೀನಲ್ಲಿದ್ದೆ. ಸಹಿ ಹಾಕಲು ಕರೆದಾಗ ಬಂದೆ. ನಾಲ್ಕು ನಿಮಿಷ ಇದ್ದೆ. ಒಂಬತ್ತನೇ ಪುಟ ನಾನು ಓದಿದ್ದು ಇವತ್ತು ಬೆಳಿಗ್ಗೆ.”

ವೈಶಾಲಿ ಪೆನ್ನು ಕೆಳಗಿಟ್ಟರು. “ಇದು ಸುಳ್ಳು ಸಾಕ್ಷಿ. ನಿಮ್ಮ ಮೇಲೂ ಕ್ರಮ ಆಗಬಹುದು, ಗೊತ್ತಿದೆಯೇ?”

“ಗೊತ್ತಿದೆ. ಕೆಳಗೆ ತುರ್ತು ವಿಭಾಗದಲ್ಲಿ ಇನ್ನೊಬ್ಬ ಇದ್ದಾನೆ, ದೂಜ ಅಂತ. ಅದೇ ಮಾತ್ರೆ, ನನ್ನದೇ ಸಹಿ. ಕಣ್ಣು ಹಳದಿ. ಮೊದಲು ಅವನನ್ನು ನೋಡಿ, ಆಮೇಲೆ ನನ್ನದು ಬರೆಯಿರಿ.”

ಅವರು ಎರಡನೇ ಮಾತಾಡದೆ ಎದ್ದರು. ಅರ್ಧ ಗಂಟೆಯಲ್ಲಿ ದೂಜನ ರಕ್ತ ತೆಗೆದಾಗಿತ್ತು, ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತ್ತು. ಹೊಸ ರೋಗಿಗಳನ್ನು ಸೇರಿಸಬಾರದು, ಮಾತ್ರೆ ತೆಗೆದುಕೊಳ್ಳುತ್ತಿರುವ ಎಲ್ಲರನ್ನೂ ಇಂದೇ ಫೋನ್ ಮಾಡಿ ಕರೆಸಬೇಕು ಎಂದು ವೈಶಾಲಿ ಡಾಕ್ಟರ್ ಅನಿಕೇತರಿಗೆ ನಿಂತಲ್ಲೇ ಹೇಳಿದರು. ಡಾಕ್ಟರು ಸದಾನಂದನನ್ನು ದಾಟಿ ಹೋದರು. ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ದೂಜನ ಬಗ್ಗೆ ಸಂಜೆಯ ರಿಪೋರ್ಟು ಬರುವವರೆಗೆ ಏನೂ ಹೇಳಲಾಗದು, ಆದರೆ ಶೆಟ್ಟೆಪ್ಪನಿಗಿಂತ ಬೇಗ ಬಂದಿದ್ದಾನೆ ಎಂದು ವಾರ್ಡಿನ ಡಾಕ್ಟರು ಅಂದರಂತೆ.

ಸದಾನಂದನ ಹೇಳಿಕೆಯನ್ನು ವೈಶಾಲಿ ಮರಾಠಿಯಲ್ಲಿ ಬರೆದು ಮುಂದಿಟ್ಟರು. ಎರಡೂವರೆ ಪುಟ. ಅವನು ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದ, ಒಂದು ಕಡೆ ತಿದ್ದಿಸಿದ. ಇಪ್ಪತ್ತು ನಿಮಿಷ ಹಿಡಿಯಿತು. ಅವರು ಅವಸರ ಮಾಡಲಿಲ್ಲ. ಆಮೇಲೆ ಗೋಡೆಯ ಗಡಿಯಾರ ನೋಡಿ, ನಾಲ್ಕು ಇಪ್ಪತ್ತೈದು ಎಂದು ಬರೆದು ಸಹಿ ಹಾಕಿದ. ಗೆರೆ ಸೊಟ್ಟಗಾಯಿತು. ಎರಡು ಚುಕ್ಕಿ ಇಡುವುದು ಮರೆತೇಹೋಯಿತು.

ಹೊರಗಿನ ಬೆಂಚಿನಲ್ಲಿ ಬಸಲಿಂಗವ್ವ ಕೂತಿದ್ದಳು. ಇನ್ನು ಅವಳ ಸರದಿ. ಸದಾನಂದ ಅವಳ ಪಕ್ಕದಲ್ಲಿ, ನಡುವೆ ಡಬ್ಬಿಯಷ್ಟು ಜಾಗ ಬಿಟ್ಟು ಕೂತ.

“ಅಮ್ಮ, ಆಗ ನೀವು ಕೇಳಿದ್ದಕ್ಕೆ ನಾನು ಉತ್ತರ ಹೇಳ್ಲಿಲ್ಲ. ಸೊಪ್ಪಿನಿಂದ ಹೋದ್ರು ಅಂತ ಯಾರೂ ಖಚಿತ ಹೇಳ್ಲಿಕ್ಕೆ ಆ‍ಗುದಿಲ್ಲ. ಕಣ್ಣು ಹಳದಿ ಆದ್ರೆ ಈ ಮಾತ್ರೆ ನಿಲ್ಲಿಸಬೇಕು, ಅದೇ ದಿನ ಇಲ್ಲಿಗೆ ಬರಬೇಕು ಅಂತ ಕಾಗದದಲ್ಲಿ ಬರ್ದದ್ದು ಉಂಟು. ಅದನ್ನು ನಿಮಗೆ ಯಾರೂ ಹೇಳ್ಲಿಲ್ಲ. ಹೇಳಿದ್ದು ನಾನು ಕೇಳಿದ್ದೇನೆ ಅಂತ ನಾನು ಸಹಿ ಹಾಕಿದ್ದೆ. ನಾನು ಅಲ್ಲಿ ಇರ್ಲೇ ಇಲ್ಲ. ಈಗ ಒಳಗೆ ಹೇಳಿ ಬಂದೆ.”

ಅವಳು ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಒತ್ತುತ್ತ ಕೂತಳು.

“ಗುಳಿಗಿ ಬಂದ್ ಮಾಡಬೇಕಿತ್ತೇನ್ರಿ?”

“ಹೌದು.”

“ನಾ ಬಾಯಿ ತಗದು ಹಾಕಿದ್ನಲ್ರಿ.”

“ಅದು ನಿಮ್ಮ ತಪ್ಪಲ್ಲ ಅಮ್ಮ. ನಿಮ್ಮದು ಏನೂ ತಪ್ಪಿಲ್ಲ. ತಪ್ಪು ನಮ್ಮದು.”

ಇಷ್ಟು ಹೇಳಿದರೆ ಎದೆ ಹಗುರಾದೀತು ಎಂದು ಅವನು ಎಣಿಸಿದ್ದ. ಅವಳು ಅಳಬಹುದು, ಬೈಯಬಹುದು, ಎರಡಕ್ಕೂ ತಯಾರಾಗಿದ್ದ. ಅವಳು ಎರಡೂ ಮಾಡಲಿಲ್ಲ. ಎದುರಿನ ಗೋಡೆ ನೋಡುತ್ತ ಮಾತಾಡಿದಳು.

“ಅವತ್ತ ಅವರು ಒಲ್ಲೆ ಅಂದಿದ್ರಿ. ಆ ಹುಡುಗಿ ತಾಸುಗಟ್ಟಲೆ ಏನೇನೋ ಹೇಳಿದ್ಲು, ಒಂದೂ ತಿಳೀಲಿಲ್ಲ. ‘ಬ್ಯಾಡ, ಮನಿಗೆ ಹೋಗೂಣು ನಡಿ’ ಅಂತ ಎದ್ದ ನಿಂತಿದ್ರು. ಆವಾಗ ನೀವು ಬಂದ್ರಿ. ಹೆಗಲ ಮ್ಯಾಲ ಅರಿವಿ ಇತ್ತು, ಕೈ ಹಸಿ ಇತ್ತು. ಯಾವೂರಂತ ಕೇಳಿದ್ರಿ. ಕನ್ನಡದಾಗ ಕೇಳಿದ್ರಿ. ಅವರು ತಿರುಗಿ ಕುಂತ್ರು. ‘ನಮ್ಮಾಂವ ಒಬ್ಬ ಅದಾನ, ಇನ್ನೇನ ಅಂಜಿಕಿ’ ಅಂತ ನನ್ನ ಕಿವ್ಯಾಗ ಹೇಳಿ ಹೆಬ್ಬಟ್ಟ ಮುಂದ ಮಾಡಿದ್ರು.”

ಒಳಗಿನಿಂದ ಅವಳ ಹೆಸರು ಕರೆದರು. ಬಸಲಿಂಗವ್ವ ಡಬ್ಬಿ ಎತ್ತಿಕೊಂಡು ಎದ್ದಳು.

“ಇದನ್ನ ಯಾರ ಕೈಯಾಗ ಕೊಡ್ಲಿ?”

“ಒಳಗೆ ಕೂತಿದ್ದಾರಲ್ಲ, ಆ ಅಮ್ಮನ ಕೈಗೆ. ಬೇರೆ ಯಾರಿಗೂ ಕೊಡಬೇಡಿ.”

ಅವಳು ಎರಡು ಹೆಜ್ಜೆ ಇಟ್ಟು ನಿಂತಳು, ತಿರುಗಿ ನೋಡಿದಳು.

“ಆಕಿಗಿ ಕನ್ನಡ ಬರೂದಿಲ್ಲಲ್ಲ. ನನಗ ಮರಾಠಿ ಬರೂದಿಲ್ಲ. ನೀವೂ ಒಳಗ ಬರ್ರಿ. ಈ ಸಲ ಪೂರಾ ಕುಂದ್ರಬೇಕ್ರಿ.”

ಸದಾನಂದ ಎದ್ದು ಅವಳ ಹಿಂದೆ ಒಳಗೆ ಹೋದ.